ಮೈಕಟ್ಟಿಗೆ ಒಪ್ಪುವ ಉಡುಪು, ಅಂಗಡಿಗೆ ಉಳಿಯುವ ಬಂಡವಾಳ

ಮಹಿಳೆಯರ ಸಿದ್ಧ ಉಡುಪಿನ ವ್ಯಾಪಾರದಲ್ಲಿ ಅಳತೆಯ ಮಹತ್ವ

ಮದುವೆಯ ಹಂಗಾಮು ಮುಗಿದು ಮಳೆಗಾಲ ಆರಂಭವಾಗುವ ಹೊತ್ತಿಗೆ ಜವಳಿ ವರ್ತಕರು ತಮ್ಮ ದಾಸ್ತಾನಿನ ಲೆಕ್ಕ ಹಾಕುವುದು ವಾಡಿಕೆ. ಸೀರೆಯ ಕಪಾಟಿನಲ್ಲಿ ಉಳಿದ ಮಾಲು ದೀಪಾವಳಿಗೆ ಹೋಗುತ್ತದೆ ಎಂಬ ಭರವಸೆ ಇರುತ್ತದೆ. ಕುರ್ತಿ ಮತ್ತು ಚೂಡಿದಾರಗಳ ಕಪಾಟಿನ ಸ್ಥಿತಿ ಬೇರೆ. ಅಲ್ಲಿ ಉಳಿದಿರುವ ಉಡುಪಿನ ಬಣ್ಣದಲ್ಲಾಗಲಿ, ಬಟ್ಟೆಯಲ್ಲಾಗಲಿ, ಹೊಲಿಗೆಯಲ್ಲಾಗಲಿ ಅನೇಕ ವೇಳೆ ದೋಷವಿರುವುದಿಲ್ಲ. ಅದನ್ನು ಮೆಚ್ಚಿದ ಗಿರಾಕಿಯ ಮೈಗೆ ಅದು ಹೊಂದಿರುವುದಿಲ್ಲ, ಅಷ್ಟೇ. ಮಾಲು ಚೆನ್ನಾಗಿದ್ದೂ ಬಂಡವಾಳ ಸಿಕ್ಕಿಹಾಕಿಕೊಳ್ಳುವ ಈ ಸಮಸ್ಯೆಗೆ ಪರಿಹಾರವು ರಿಯಾಯಿತಿ ಮಾರಾಟದಲ್ಲಿಲ್ಲ. ಯಾವ ಮೈಕಟ್ಟಿಗೆ ಯಾವ ಉಡುಪು ಒಪ್ಪುತ್ತದೆ ಎಂಬ ತಿಳಿವಳಿಕೆಯಲ್ಲಿದೆ. ಕಲಬುರಗಿ ನಗರದ ವರ್ತಕರಿಗೂ, ಕಮಲಾಪುರದಂತಹ ತಾಲೂಕು ಕೇಂದ್ರದ ಸಣ್ಣ ಅಂಗಡಿಕಾರರಿಗೂ, ನಾಲ್ಕಾರು ಹೊಲಿಗೆ ಯಂತ್ರಗಳನ್ನಿಟ್ಟುಕೊಂಡು ಉಡುಪು ತಯಾರಿಸುವವರಿಗೂ ಈ ತಿಳಿವಳಿಕೆ ಇಂದು ವ್ಯಾಪಾರದ ಅಗತ್ಯವಾಗಿದೆ.

ಸೀರೆಗೆ ಅಳತೆಯ ಚಿಂತೆ ಇರಲಿಲ್ಲ

ಈ ಭಾಗದ ಜವಳಿ ವ್ಯಾಪಾರವು ಬಹುಕಾಲ ಸೀರೆ ಮತ್ತು ಕುಪ್ಪಸದ ಬಟ್ಟೆಯನ್ನು ಅವಲಂಬಿಸಿತ್ತು. ಆರು ಗಜದ ಸೀರೆಯಾಗಲಿ, ಒಂಬತ್ತು ಗಜದ ಸೀರೆಯಾಗಲಿ, ಉಡುವವಳು ತೆಳ್ಳಗಿರಲಿ, ದಪ್ಪಗಿರಲಿ, ನೆರಿಗೆಗಳನ್ನು ಹೆಚ್ಚು ಕಡಿಮೆ ಮಾಡಿ ತನ್ನ ಮೈಗೆ ಹೊಂದಿಸಿಕೊಳ್ಳುತ್ತಾಳೆ. ಇಳಕಲ್ಲಿನ ಸೀರೆಯನ್ನೂ ಗುಳೇದಗುಡ್ಡದ ಖಣವನ್ನೂ ಮಾರಿದ ವರ್ತಕನಿಗೆ ಬಣ್ಣ, ಅಂಚು, ಸೆರಗುಗಳ ಚಿಂತೆ ಇತ್ತು. ಅಳತೆಯ ಚಿಂತೆ ಇರಲಿಲ್ಲ. ಅಳತೆಯ ಹೊಣೆಯನ್ನು ದರ್ಜಿ ಹೊತ್ತಿದ್ದ. ಕುಪ್ಪಸ ಬಿಗಿಯಾದರೆ ಅದು ದರ್ಜಿಯ ತಪ್ಪು, ಅಂಗಡಿಯದ್ದಲ್ಲ.

ಕಮಲಾಪುರ ಸುತ್ತಮುತ್ತಲಿನ ತಾಂಡಾಗಳ ಲಂಬಾಣಿ ಮಹಿಳೆಯರ ಸಾಂಪ್ರದಾಯಿಕ ಉಡುಪಿನಲ್ಲೂ ಇದೇ ಜಾಣ್ಮೆ ಕಾಣುತ್ತದೆ. ಫೇಟಿಯಾ ಎಂಬ ಘೇರದ ಲಂಗವನ್ನು ನಡುವಿಗೆ ಲಾಡಿಯಿಂದ ಕಟ್ಟಲಾಗುತ್ತದೆ. ಕಾಂಚಳಿ ಎಂಬ ಕುಪ್ಪಸವನ್ನು ಬೆನ್ನಿನ ಹಿಂದೆ ದಾರಗಳಿಂದ ಬಿಗಿಯಲಾಗುತ್ತದೆ. ಮೈ ತುಂಬಿದರೂ ಸೊರಗಿದರೂ ಕಟ್ಟು ಸಡಿಲಿಸಿ ಅಥವಾ ಬಿಗಿದು ಅದೇ ಉಡುಪನ್ನು ವರ್ಷಗಟ್ಟಲೆ ತೊಡಬಹುದು.

ಸಿದ್ಧ ಉಡುಪು ಬಂದ ಮೇಲೆ ಈ ವ್ಯವಸ್ಥೆ ಬದಲಾಯಿತು. ಕುರ್ತಿಯ ಅಳತೆಯನ್ನು ಎಲ್ಲೋ ದೂರದ ಕಾರ್ಖಾನೆಯಲ್ಲಿ ನಿರ್ಧರಿಸಲಾಗುತ್ತದೆ. ಅದು ಮೈಗೆ ಹೊಂದದಿದ್ದರೆ ಉಳಿಯುವುದು ಕಾರ್ಖಾನೆಯಲ್ಲಲ್ಲ, ಅಂಗಡಿಯ ಕಪಾಟಿನಲ್ಲಿ. ದರ್ಜಿಯ ಹೆಗಲ ಮೇಲಿದ್ದ ಹೊಣೆ ಹೀಗೆ ಸದ್ದಿಲ್ಲದೆ ವರ್ತಕನ ಹೆಗಲಿಗೆ ಬಂದಿತು. ಆದರೆ ದರ್ಜಿಗಿದ್ದ ಅಳತೆಯ ಜ್ಞಾನ ಅದರ ಜೊತೆಗೆ ಬರಲಿಲ್ಲ.

ಒಂದು ಸೆಟ್ಟಿನ ಲೆಕ್ಕ

ಈ ಹೊಣೆಯ ಬೆಲೆ ಎಷ್ಟೆಂಬುದನ್ನು ಸರಳ ಉದಾಹರಣೆಯಿಂದ ತಿಳಿಯಬಹುದು. ಸಗಟು ವ್ಯಾಪಾರಿಯಿಂದ ಒಂದೇ ನಮೂನೆಯ ಐದು ಅಳತೆಗಳ ಒಂದು ಸೆಟ್ಟನ್ನು ತುಂಡಿಗೆ 400 ರೂಪಾಯಿಯಂತೆ ಕೊಂಡರೆ 2000 ರೂಪಾಯಿ ಬಂಡವಾಳವಾಗುತ್ತದೆ. ತುಂಡಿಗೆ 560 ರೂಪಾಯಿಯಂತೆ ಮೂರು ಮಾರಾಟವಾದರೆ ಬರುವುದು 1680 ರೂಪಾಯಿ. ಅಸಲಿಗೆ ಇನ್ನೂ 320 ರೂಪಾಯಿ ಕಡಿಮೆ. ನಾಲ್ಕನೆಯದು ಹೋದ ಮೇಲೆ 240 ರೂಪಾಯಿ, ಐದನೆಯದೂ ಹೋದ ಮೇಲೆ 800 ರೂಪಾಯಿ ಕೈಗೆ ಉಳಿಯುತ್ತದೆ. ಅಂದರೆ ಲಾಭವಿರುವುದು ಕೊನೆಯ ಎರಡು ತುಂಡುಗಳಲ್ಲಿ. ಅಂಗಡಿಯ ಬಾಡಿಗೆ, ಕೆಲಸಗಾರರ ಸಂಬಳ, ಸಾಲದ ಬಡ್ಡಿ ಎಲ್ಲವೂ ಹೊರಬೀಳಬೇಕಾದದ್ದು ಇದರಿಂದಲೇ. ಕಪಾಟಿನಲ್ಲಿ ಉಳಿಯುವುದೂ ಸಾಮಾನ್ಯವಾಗಿ ಇದೇ ಎರಡು ತುಂಡು.

ಅಳತೆಯ ಅಕ್ಷರಗಳ ಹಿಂದಿನ ಕಥೆ

ಉಡುಪಿನ ಕೊರಳಪಟ್ಟಿಯಲ್ಲಿ ಕಾಣುವ ಎಸ್, ಎಂ, ಎಲ್, ಎಕ್ಸ್‌ಎಲ್ ಎಂಬ ಅಕ್ಷರಗಳು ನೋಡಲು ಖಚಿತವಾಗಿ ಕಂಡರೂ ಅವುಗಳ ಹಿಂದೆ ಎಲ್ಲರೂ ಪಾಲಿಸುವ ಒಂದೇ ಅಳತೆ ಇಲ್ಲ. ಒಂದು ತಯಾರಕರ ಎಲ್ ಮತ್ತೊಬ್ಬರ ಎಕ್ಸ್‌ಎಲ್‌ಗೆ ಸಮನಾಗಿರುವುದುಂಟು.

ಮಹಿಳೆಯರ ಉಡುಪಿಗೆ ಶಾಸ್ತ್ರೀಯ ಅಳತೆ ಕಂಡುಹಿಡಿಯುವ ದೊಡ್ಡ ಪ್ರಯತ್ನ ನಡೆದದ್ದು ಅಮೆರಿಕದಲ್ಲಿ. ಅಲ್ಲಿನ ಕೃಷಿ ಇಲಾಖೆಯು 1939-40ರಲ್ಲಿ ಸುಮಾರು 15,000 ಮಹಿಳೆಯರ ತಲಾ 59 ಅಳತೆಗಳನ್ನು ತೆಗೆಸಿತು. ಅದರ ಆಧಾರದ ಮೇಲೆ 1958ರಲ್ಲಿ ಒಂದು ವಾಣಿಜ್ಯ ಮಾನಕ ಹೊರಬಂದಿತು. 1983ರಲ್ಲಿ ಅದನ್ನು ಹಿಂದಕ್ಕೆ ಪಡೆಯಲಾಯಿತು. ಮುಂದೆ 2005ರಲ್ಲಿ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯವು 6,000ಕ್ಕೂ ಹೆಚ್ಚು ಅಮೆರಿಕನ್ ಮಹಿಳೆಯರ ಅಳತೆಗಳನ್ನು ಪರಿಶೀಲಿಸಿದಾಗ ಉಡುಪು ಉದ್ಯಮ ಬೆರಗಾಗುವಂತಹ ಸಂಗತಿ ತಿಳಿದುಬಂತು. ಎದೆ ಮತ್ತು ನಿತಂಬ ತುಂಬಿಕೊಂಡು ನಡು ಸಣ್ಣದಾಗಿರುವ, ಮರಳು ಗಡಿಯಾರವನ್ನು ಹೋಲುವ ಮೈಕಟ್ಟು ಇದ್ದದ್ದು ನೂರಕ್ಕೆ ಸುಮಾರು 8 ಮಹಿಳೆಯರಲ್ಲಿ ಮಾತ್ರ. ನೂರಕ್ಕೆ 46 ಮಹಿಳೆಯರ ಮೈಕಟ್ಟು ಮೇಲಿನಿಂದ ಕೆಳಗೆ ಹೆಚ್ಚುಕಡಿಮೆ ನೇರವಾಗಿತ್ತು. ಉದ್ಯಮವಾದರೋ ಆ 8 ಮಂದಿಯ ಮೈಕಟ್ಟನ್ನೇ ಮಾದರಿಯಾಗಿಟ್ಟುಕೊಂಡು ಬಟ್ಟೆ ಕತ್ತರಿಸುತ್ತಿತ್ತು.

ಭಾರತದಲ್ಲಿ ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು (ನಿಫ್ಟ್) ‘ಇಂಡಿಯಾಸೈಜ್’ ಎಂಬ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. 15ರಿಂದ 65 ವರ್ಷದೊಳಗಿನ 25,000 ಸ್ತ್ರೀಪುರುಷರ ದೇಹದ ಅಳತೆಯನ್ನು ಮೂರು ಆಯಾಮದ ಸ್ಕ್ಯಾನರುಗಳಿಂದ ಪಡೆಯುವುದು ಅದರ ಯೋಜನೆ. ಅದಕ್ಕಾಗಿ ಆರಿಸಿಕೊಂಡ ಆರು ನಗರಗಳಲ್ಲಿ ಬೆಂಗಳೂರು ಮತ್ತು ಹೈದರಾಬಾದುಗಳಿವೆ. ಅವೆರಡರ ನಡುವೆ ವ್ಯಾಪಾರ ಹೊಂದಿರುವ ಕಲಬುರಗಿ ಇಲ್ಲ. ಆದ್ದರಿಂದ ಈ ಭಾಗದ ಗಿರಾಕಿಯ ಅಳತೆಯನ್ನು ಈ ಭಾಗದ ವರ್ತಕರೇ ಅರಿತುಕೊಳ್ಳಬೇಕಾಗಿದೆ.

ಐದು ಬಗೆಯ ಮೈಕಟ್ಟು

ಅರಿಯುವ ಕೆಲಸ ಕಷ್ಟದ್ದಲ್ಲ. ಅಳತೆ ಟೇಪಿನಿಂದ ನಾಲ್ಕು ಅಳತೆ ತೆಗೆದರೆ ಸಾಕು: ಭುಜ, ಎದೆ, ನಡು ಮತ್ತು ದರ್ಜಿಗಳು ‘ಸೀಟು’ ಎಂದು ಕರೆಯುವ ನಿತಂಬದ ಸುತ್ತಳತೆ. ಈ ನಾಲ್ಕರಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದರ ಮೇಲೆ ಮೈಕಟ್ಟುಗಳನ್ನು ಸ್ಥೂಲವಾಗಿ ಐದು ಬಗೆಯಾಗಿ ವಿಂಗಡಿಸಬಹುದು. ಇವುಗಳಲ್ಲಿ ಉತ್ತಮ, ಅಧಮ ಎಂಬ ಭೇದವಿಲ್ಲ. ಪ್ರತಿಯೊಂದಕ್ಕೂ ಒಪ್ಪುವ ಉಡುಪು ಇದ್ದೇ ಇದೆ.

ಮೊದಲನೆಯದು ನೇರ ಮೈಕಟ್ಟು. ಎದೆ ಮತ್ತು ಸೀಟು ಸಮವಾಗಿದ್ದು ನಡು ಸ್ವಲ್ಪವೇ ಕಡಿಮೆ ಇರುತ್ತದೆ. ಇಂತಹವರಿಗೆ ನೇರ ಕತ್ತರಿಕೆಯ ಕುರ್ತಿ ಚೀಲದಂತೆ ಕಾಣುತ್ತದೆ. ಹಿಂದೆ ಕಟ್ಟುವ ದಾರವಿರುವ ಕುರ್ತಿ, ಎದೆಯಿಂದ ಕೆಳಗಿನವರೆಗೆ ಹೊಲಿಗೆ ಬರುವ ಪ್ರಿನ್ಸೆಸ್ ಕಟ್, ಕಲಿಗಳಿಂದ ಘೇರ ಕೊಟ್ಟ ಅನಾರ್ಕಲಿ ಮೊದಲಾದವು ನಡುವನ್ನು ಎತ್ತಿ ತೋರಿಸುತ್ತವೆ.

ಎರಡನೆಯದು ಕೆಳಭಾಗ ಅಗಲವಾದ ಮೈಕಟ್ಟು. ಭುಜ ಮತ್ತು ಎದೆ ಚಿಕ್ಕದಾಗಿದ್ದು ಸೀಟಿನ ಅಳತೆ ಹೆಚ್ಚಿರುತ್ತದೆ. ಸಿದ್ಧ ಉಡುಪಿನಿಂದ ಹೆಚ್ಚು ತೊಂದರೆಪಡುವವರು ಇವರೇ. ಎದೆಗೆ ಸರಿಹೋದ ಕುರ್ತಿ ಕೆಳಗೆ ಬಿಗಿದು ಪಕ್ಕದ ಸೀಳು ಬಾಯಿ ತೆರೆದಂತೆ ಕಾಣುತ್ತದೆ. ಸೀಟಿಗೆ ಸರಿಹೋದದ್ದು ಭುಜದಿಂದ ಜಾರುತ್ತದೆ. ಎದೆಯ ಕೆಳಗಿನಿಂದಲೇ ಅಗಲವಾಗುತ್ತ ಹೋಗುವ ಎ-ಲೈನ್ ಕುರ್ತಿ ಇವರಿಗೆ ಸೂಕ್ತ. ಕಸೂತಿ, ಕನ್ನಡಿ ಕೆಲಸ ಅಥವಾ ತಿಳಿ ಬಣ್ಣ ಕುರ್ತಿಯ ಮೇಲ್ಭಾಗದಲ್ಲಿರಲಿ. ಕೆಳಗಿನ ಪೈಜಾಮ ಒಂದೇ ಗಾಢ ಬಣ್ಣದ್ದಾಗಿರಲಿ. ಕುರ್ತಿಯ ಅಂಚು ಸೀಟಿನ ಅತ್ಯಂತ ಅಗಲವಾದ ಜಾಗಕ್ಕೆ ಬಂದು ನಿಲ್ಲಬಾರದು. ಅದಕ್ಕಿಂತ ಕೆಳಗೆ ಇಳಿಯಬೇಕು.

ಮೂರನೆಯದು ಭುಜ ಅಗಲವಾದ ಮೈಕಟ್ಟು. ಭುಜ ಹಾಗೂ ಎದೆ ಅಗಲವಾಗಿದ್ದು ಕೆಳಭಾಗ ಸಣ್ಣದಾಗಿರುತ್ತದೆ. ಉಬ್ಬಿದ ತೋಳು, ದೋಣಿಯಾಕಾರದ ಅಗಲ ಕೊರಳು ಇವರ ಭುಜವನ್ನು ಇನ್ನಷ್ಟು ಅಗಲವಾಗಿಸುತ್ತವೆ. ವಿ ಆಕಾರದ ಕೊರಳು, ಸಾದಾ ಮೇಲ್ಭಾಗ, ಕೆಳಗೆ ಘೇರದ ಕುರ್ತಿ ಅಥವಾ ಪಲಾಝೋ, ಪಟಿಯಾಲಾ ಸಲ್ವಾರ್ ಇದ್ದರೆ ಮೇಲೂ ಕೆಳಗೂ ಸಮತೋಲ ಬರುತ್ತದೆ.

ನಾಲ್ಕನೆಯದು ನಡುಭಾಗ ತುಂಬಿದ ಮೈಕಟ್ಟು. ಹೆರಿಗೆಯ ನಂತರ ಮತ್ತು ನಡುವಯಸ್ಸಿನಲ್ಲಿ ಅನೇಕರಿಗೆ ಹೊಟ್ಟೆಯ ಭಾಗದಲ್ಲಿ ಮೈ ಬರುತ್ತದೆ. ಕೈಕಾಲು ತೆಳ್ಳಗೆ ಉಳಿದಿರಬಹುದು. ನಡುಪಟ್ಟಿ, ಬಿಗಿ ಕುರ್ತಿ, ಗಂಜಿ ಹಾಕಿದಂತೆ ನಿಲ್ಲುವ ಗಡುಸು ಬಟ್ಟೆ ಇವರಿಗೆ ಹೊಂದುವುದಿಲ್ಲ. ಎದೆಯ ಕೆಳಗೆ ಹೊಲಿಗೆ ಬಂದು ಅಲ್ಲಿಂದ ಸಡಿಲವಾಗಿ ಇಳಿಯುವ ಕುರ್ತಿ, ಮುಂಭಾಗದಲ್ಲಿ ಮೇಲಿನಿಂದ ಕೆಳಗೆ ಗುಂಡಿಪಟ್ಟಿ ಅಥವಾ ನೇರ ಗೆರೆಗಳು, ಮೈಮೇಲೆ ಮೃದುವಾಗಿ ಕೂರುವ ರೇಯಾನ್ ಅಥವಾ ಮಲ್‌ಮಲ್ ಬಟ್ಟೆ ಸೂಕ್ತ. ದೊಡ್ಡ ಅಳತೆಯ ಜೋಲುವ ಉಡುಪನ್ನು ಕೊಟ್ಟು ಕಳುಹಿಸುವುದು ಪರಿಹಾರವಲ್ಲ. ಭುಜ ಜಾರಿದ ಉಡುಪು ಇದ್ದುದಕ್ಕಿಂತ ಹೆಚ್ಚು ದಪ್ಪವಾಗಿ ತೋರಿಸುತ್ತದೆ.

ಐದನೆಯದು ಮೇಲೆ ಹೇಳಿದ ಮರಳು ಗಡಿಯಾರದ ಮೈಕಟ್ಟು. ನಡುವಿನ ಗೆರೆಯನ್ನು ಅನುಸರಿಸುವ ಯಾವ ಉಡುಪಾದರೂ ಇವರಿಗೆ ಒಪ್ಪುತ್ತದೆ. ಅಂಗಡಿಯ ಗೊಂಬೆಗಳಿಗೆ ಸಾಮಾನ್ಯವಾಗಿ ಇದೇ ಮೈಕಟ್ಟು ಇರುತ್ತದೆ. ಗೊಂಬೆಯ ಮೇಲೆ ಕಂಡ ಅಂದವನ್ನೇ ನಂಬಿ ಖರೀದಿಸಿದ ಗಿರಾಕಿ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತಾಗ ನಿರಾಶಳಾಗುವುದಕ್ಕೆ ಇದೂ ಒಂದು ಕಾರಣ.

ಈ ಐದಕ್ಕೂ ಅನ್ವಯಿಸುವ ಸೂತ್ರವೊಂದಿದೆ: ಅಳತೆ ಆರಿಸುವಾಗ ಮೊದಲು ಭುಜ ನೋಡಬೇಕು. ಪಕ್ಕದ ಹೊಲಿಗೆ ಹಿಡಿಯುವುದು ದರ್ಜಿಗೆ ಹತ್ತು ನಿಮಿಷದ ಕೆಲಸ. ಇಳಿದ ಭುಜವನ್ನು ಸರಿಪಡಿಸಲು ತೋಳನ್ನೇ ಬಿಚ್ಚಬೇಕಾಗುತ್ತದೆ.

ಎತ್ತರ, ಅಂಚು ಮತ್ತು ಬಿಸಿಲು

ಮೈಕಟ್ಟಿನಷ್ಟೇ ಎತ್ತರವೂ ಮುಖ್ಯ. ಗಿಡ್ಡ ಮಹಿಳೆಯರಿಗೆ ಕಿರಿದಾದ ಅಂಚು, ಸಣ್ಣ ಹೂಬುಟ್ಟಿ, ಮೇಲಿನಿಂದ ಕೆಳಗೆ ಒಂದೇ ಬಣ್ಣದ ಛಾಯೆ ಇದ್ದರೆ ಎತ್ತರವಾಗಿ ಕಾಣುತ್ತಾರೆ. ಅಗಲವಾದ ಅಂಚು, ದೊಡ್ಡ ಚಿತ್ತಾರ, ವಿರುದ್ಧ ಬಣ್ಣದ ಸೆರಗು ಎತ್ತರದವರಿಗೆ ಶೋಭೆ ಕೊಡುತ್ತವೆ. ಸೀರೆಗೆ ಅಳತೆ ಇಲ್ಲದಿದ್ದರೂ ಮೈಕಟ್ಟಿನ ವಿಚಾರ ಇದ್ದೇ ಇದೆ. ಗಂಜಿ ಹಾಕಿದ ಹತ್ತಿ ಸೀರೆ ತೆಳ್ಳಗಿನವರಿಗೆ ಮೈ ತುಂಬಿದಂತೆ ತೋರಿಸಿದರೆ, ಮೈಸೂರು ಕ್ರೇಪ್, ಜಾರ್ಜೆಟ್‌ಗಳಂತಹ ಇಳಿಬೀಳುವ ಬಟ್ಟೆ ತುಂಬಿದ ಮೈಯವರಿಗೆ ಒಪ್ಪುತ್ತದೆ.

ಗಾಢ ಬಣ್ಣ ತೆಳ್ಳಗೆ ತೋರಿಸುತ್ತದೆ ಎಂಬ ಮಾತು ನಿಜವೇ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಿನಲ್ಲಿ ಕಪ್ಪು ಉಡುಪು ತೊಟ್ಟು ಬಸ್ಸು ಕಾಯುವವರ ಕಷ್ಟವನ್ನು ವರ್ತಕರು ಮರೆಯಬಾರದು. ಕುರ್ತಿಯ ಎರಡು ಪಕ್ಕಗಳಿಗೆ ಮಾತ್ರ ಗಾಢ ಬಣ್ಣದ ಪಟ್ಟಿ ಕೊಟ್ಟು ನಡುವೆ ತಿಳಿ ಬಣ್ಣ ಇಟ್ಟರೆ ಎರಡೂ ಉದ್ದೇಶ ಈಡೇರುತ್ತವೆ. ಬೇಸಿಗೆಯ ಉಡುಪಿಗೆ ಕೃತಕ ನೂಲಿನ ಅಸ್ತರ್ ಬದಲು ತೆಳುವಾದ ಹತ್ತಿಯ ಅಸ್ತರ್ ಹಾಕುವುದು ಹಿತಕರ.

ತಯಾರಕರು ಗಮನಿಸಬೇಕಾದದ್ದು

ಸಣ್ಣ ತಯಾರಕರಿಗೆ ಇಲ್ಲಿ ದೊಡ್ಡ ಅವಕಾಶವಿದೆ. ದೊಡ್ಡ ಕಾರ್ಖಾನೆ ಬಟ್ಟೆ ಉಳಿಸಲು ಹೊಲಿಗೆಯಾಚೆ ಕಾಲು ಇಂಚಿಗಿಂತ ಹೆಚ್ಚು ಬಿಡಲು ಹಿಂಜರಿಯಬಹುದು. ಸ್ಥಳೀಯ ತಯಾರಕರು ಎರಡೂ ಪಕ್ಕಗಳಲ್ಲಿ, ಮುಂದಿನ ಹಾಗೂ ಹಿಂದಿನ ತುಂಡುಗಳೆರಡಕ್ಕೂ ಒಂದೊಂದು ಇಂಚು ಮಾರ್ಜಿನ್ ಬಿಟ್ಟರೆ ಒಟ್ಟು ನಾಲ್ಕು ಇಂಚು ಸಿಗುತ್ತದೆ. ಬಿಚ್ಚಿ ಮರಳಿ ಹೊಲಿಯುವಾಗ ಪ್ರತಿ ಅಂಚಿನಲ್ಲಿ ಕಾಲು ಇಂಚು ಉಳಿಸಿದರೂ ಸುತ್ತಳತೆಯನ್ನು ಮೂರು ಇಂಚು ಹೆಚ್ಚಿಸಬಹುದು. ಅಳತೆಯಿಂದ ಅಳತೆಗೆ ಸಾಮಾನ್ಯವಾಗಿ ಎರಡು ಇಂಚಿನ ಅಂತರವಿರುವುದರಿಂದ, ಒಂದೇ ಉಡುಪು ಎರಡು ಅಳತೆಗಳ ಕೆಲಸ ಮಾಡುತ್ತದೆ. ತುಸು ಹೆಚ್ಚು ಬಟ್ಟೆ ಖರ್ಚಾದರೂ ಕಪಾಟಿನಲ್ಲಿ ಉಳಿಯುವ ಒಂದು ಉಡುಪಿನ ಮುಂದೆ ಅದು ಅಲ್ಪ. ಫೇಟಿಯಾ, ಕಾಂಚಳಿಗಳ ಜಾಣ್ಮೆಯನ್ನೂ ಬಳಸಿಕೊಳ್ಳಬಹುದು: ಬೆನ್ನಿನ ದಾರ, ಪಕ್ಕದ ಕಟ್ಟು, ಸೊಂಟಪಟ್ಟಿಯ ಹಿಂಭಾಗಕ್ಕೆ ಎಲಾಸ್ಟಿಕ್ ಇವು ಉಡುಪಿಗೆ ಅಂದವನ್ನೂ ಕೊಡುತ್ತವೆ, ಅಳತೆಯ ನಷ್ಟವನ್ನೂ ತಗ್ಗಿಸುತ್ತವೆ.

ಹತ್ತಿ ಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿಗೆ ಹಾಕಿ ಒಣಗಿಸುವುದನ್ನು ತಪ್ಪಿಸಬಾರದು. 40 ಇಂಚಿನ ಕುರ್ತಿ ಮೊದಲ ಒಗೆತಕ್ಕೆ ನೂರಕ್ಕೆ 5ರಷ್ಟು ಕುಗ್ಗಿದರೆ ಎರಡು ಇಂಚು, ಅಂದರೆ ಒಂದು ಪೂರ್ಣ ಅಳತೆ ಕಡಿಮೆಯಾದಂತೆ. ಅಂಗಡಿಯಲ್ಲಿ ಒಪ್ಪಿದ ಉಡುಪು ಮನೆಯಲ್ಲಿ ಒಪ್ಪದಂತಾದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ತೆರಿಗೆಯ ಲೆಕ್ಕವನ್ನೂ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ತುಂಡಿಗೆ 2500 ರೂಪಾಯಿವರೆಗಿನ ಸಿದ್ಧ ಉಡುಪುಗಳ ಮೇಲೆ ಶೇಕಡಾ 5, ಅದಕ್ಕಿಂತ ಹೆಚ್ಚಿನ ಬೆಲೆಯವುಗಳ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ನಿಗದಿಯಾಗಿದೆ. ಮೊದಲು 1000 ರೂಪಾಯಿ ದಾಟಿದ ಉಡುಪಿಗೆ ಶೇಕಡಾ 12 ತೆರಿಗೆ ಇತ್ತು. ಹೀಗಾಗಿ 1000ದಿಂದ 2500 ರೂಪಾಯಿ ಬೆಲೆಯ ವರ್ಗದಲ್ಲಿ ಒಳ್ಳೆಯ ಬಟ್ಟೆ, ಹೆಚ್ಚಿನ ಮಾರ್ಜಿನ್, ಅಚ್ಚುಕಟ್ಟಾದ ಹೊಲಿಗೆಗೆ ಖರ್ಚು ಮಾಡಲು ತಯಾರಕರಿಗೆ ಅವಕಾಶ ದೊರೆತಿದೆ. 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿಯ 1000 ಎಕರೆಯ ಪಾರ್ಕು. ಒಂದು ಕಾಲಕ್ಕೆ ಎಂ.ಎಸ್.ಕೆ. ಮಿಲ್ಲಿನಿಂದ ಜವಳಿಗೆ ಹೆಸರಾಗಿದ್ದ ಈ ಊರಿನಲ್ಲಿ ದೊಡ್ಡ ಉದ್ದಿಮೆಗಳು ಬಂದಾಗ, ಸ್ಥಳೀಯ ಮೈಕಟ್ಟನ್ನು ಬಲ್ಲ ಸಣ್ಣ ತಯಾರಕರಿಗೆ ತಮ್ಮದೇ ಆದ ಬೆಲೆ ಇರುತ್ತದೆ.

ಕಮಲಾಪುರದ ಅಂಗಡಿಯ ಮುಂದಿನ ದಾರಿ

ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿದೆ. 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಕಮಲಾಪುರದ ಮಹಿಳೆ ಇಂದು ಬಸ್ಸಿನ ಖರ್ಚಿಲ್ಲದೆ ಕಲಬುರಗಿಯ ಸೂಪರ್ ಮಾರ್ಕೆಟ್‌ಗೆ ಬಂದು ಹತ್ತು ಅಂಗಡಿ ತಿರುಗಬಲ್ಲಳು. ನಗರದ ವರ್ತಕರಿಗೆ ಇದು ಲಾಭ. ಕಮಲಾಪುರದ ಅಂಗಡಿಕಾರರಿಗೆ ನೇರ ಪೈಪೋಟಿ. ನಗರದಲ್ಲಿ ಸಿಗುವ ಮಾಲನ್ನೇ ಅದೇ ರೀತಿ ಮಾರಿದರೆ ಅವರು ಉಳಿಯುವುದು ಕಷ್ಟ.

ಆದರೆ ನಗರದ ಅಂಗಡಿಗೆ ಇಲ್ಲದ ಒಂದು ಬಲ ಕಮಲಾಪುರದ ಅಂಗಡಿಕಾರರಿಗಿದೆ. ಅವರಿಗೆ ಗಿರಾಕಿಯ ಮನೆತನ ಗೊತ್ತು, ಅವಳ ಅಕ್ಕತಂಗಿಯರು ಗೊತ್ತು, ಕಳೆದ ಹಬ್ಬಕ್ಕೆ ಏನು ಕೊಂಡಳೆಂಬುದು ಗೊತ್ತು. ಇದಕ್ಕೆ ಅಳತೆಯ ತಿಳಿವಳಿಕೆ ಸೇರಿದರೆ ಗಿರಾಕಿ ಬಸ್ಸು ಹತ್ತುವ ಅಗತ್ಯ ಬೀಳದು. ಹತ್ತು ನಮೂನೆಗಳನ್ನು ಅರ್ಧಂಬರ್ಧ ಅಳತೆಗಳಲ್ಲಿ ಇಡುವ ಬದಲು ನಾಲ್ಕು ನಮೂನೆಗಳನ್ನು ಪೂರ್ಣ ಅಳತೆಗಳಲ್ಲಿ ಇಡುವುದು, ಹೋಗದ ಅಳತೆಗಳನ್ನು ಬದಲಿಸಿಕೊಡುವ ಒಪ್ಪಂದವನ್ನು ಸಗಟು ವ್ಯಾಪಾರಿಯೊಡನೆ ಮೊದಲೇ ಮಾಡಿಕೊಳ್ಳುವುದು, ಊರಿನ ದರ್ಜಿಯೊಬ್ಬರನ್ನು ಗೊತ್ತುಮಾಡಿಕೊಂಡು ಅದೇ ದಿನ ಸರಿಪಡಿಸಿಕೊಡುವುದು ಅವರ ಕೈಯಲ್ಲೇ ಇವೆ.

ನಗರದ ವರ್ತಕರೂ ದೂರದಿಂದ ಬರುವ ಗಿರಾಕಿಯ ಕಷ್ಟ ಅರಿಯಬೇಕು. ಮನೆಗೆ ಹೋಗಿ ತೊಟ್ಟು ನೋಡಿ ಹೊಂದದಿದ್ದರೆ ಹಿಂದಿರುಗಿಸಲು ಅವಳು ಮತ್ತೊಂದು ದಿನದ ಕೂಲಿ ಕಳೆದುಕೊಳ್ಳಬೇಕು. ಚಿಲಕವಿರುವ ತೊಟ್ಟುನೋಡುವ ಕೋಣೆ, ಅಡಿಯಿಂದ ಮುಡಿಯವರೆಗೆ ಕಾಣುವ ಕನ್ನಡಿ, ಅಳತೆ ತೆಗೆಯಲು ಮಹಿಳಾ ಸಿಬ್ಬಂದಿ ಇವು ಆಡಂಬರದ ಖರ್ಚುಗಳಲ್ಲ. ಮಾತಿನ ರೀತಿಯೂ ಮುಖ್ಯ. “ಅಕ್ಕಾವ್ರ, ನಿಮ್ಮ ಸೈಜ್ ಬರಂಗಿಲ್ರಿ” ಎಂದು ಎಲ್ಲರೆದುರು ಹೇಳಿಸಿಕೊಂಡ ಮಹಿಳೆ ಆ ಅಂಗಡಿಯ ಮೆಟ್ಟಿಲು ಮತ್ತೆ ಹತ್ತಲಾರಳು. “ಅಕ್ಕಾವ್ರ, ಈ ನಮೂನಿ ನಿಮಗ ಚಲೋ ಕಾಣ್ತದರಿ, ಹಾಕ್ಕೊಂಡು ನೋಡ್ರಿ” ಎಂದು ಸರಿಯಾದ ಉಡುಪನ್ನು ಮುಂದಿಟ್ಟರೆ ಅವಳು ತನ್ನ ನಾದಿನಿಯನ್ನೂ ಕರೆತರುತ್ತಾಳೆ.

ಅಳತೆಯ ಪುಸ್ತಕ

ಕೊನೆಯದಾಗಿ, ಖರ್ಚಿಲ್ಲದ ಒಂದು ಅಭ್ಯಾಸವನ್ನು ಎಲ್ಲ ವರ್ತಕರೂ ರೂಢಿಸಿಕೊಳ್ಳಬಹುದು. ಗಲ್ಲಾಪೆಟ್ಟಿಗೆಯ ಬಳಿ ಒಂದು ನೋಟ್‌ಬುಕ್ ಇರಲಿ. ಅದರಲ್ಲಿ ಹೆಸರು, ಊರು ಬರೆಯುವ ಅಗತ್ಯವಿಲ್ಲ. ದಿನಾಂಕ, ಎದೆ, ನಡು, ಸೀಟು, ಎತ್ತರ, ಕೊಂಡ ಉಡುಪು, ಒಪ್ಪದೆ ಬಿಟ್ಟುಹೋದ ಉಡುಪು ಮತ್ತು ಬಿಟ್ಟುಹೋದ ಕಾರಣ ಇಷ್ಟು ಬರೆದರೆ ಸಾಕು. ಮಾರಿದ ಮಾಲಿನ ಲೆಕ್ಕ ಎಲ್ಲ ಅಂಗಡಿಗಳಲ್ಲೂ ಇರುತ್ತದೆ; ಮಾರದೆ ಉಳಿದದ್ದಕ್ಕೆ ಕಾರಣ ಬರೆದಿಟ್ಟ ಅಂಗಡಿಗಳು ವಿರಳ. ಹಂಗಾಮಿನ ಮೂರು ತಿಂಗಳು ಹೀಗೆ ಬರೆದರೆ ತಮ್ಮ ಗಿರಾಕಿಗಳಲ್ಲಿ ಯಾವ ಮೈಕಟ್ಟಿನವರು ಎಷ್ಟು ಎಂಬುದು ಸ್ಪಷ್ಟವಾಗುತ್ತದೆ. ಮುಂದಿನ ಖರೀದಿಗೆ ಹೋದಾಗ ‘ಐದೂ ಅಳತೆಗೆ ಒಂದೊಂದು’ ಎಂಬ ಸಿದ್ಧ ಸೆಟ್ಟಿನ ಬದಲು ತಮಗೆ ಬೇಕಾದ ಅಳತೆ, ಬೇಕಾದ ಕತ್ತರಿಕೆಯನ್ನು ಕೇಳಿ ಪಡೆಯಬಹುದು.

ಉಡುಪಿಗೆ ತಕ್ಕಂತೆ ಮೈ ಬದಲಾಗಬೇಕೆಂದು ಗಿರಾಕಿಯಿಂದ ನಿರೀಕ್ಷಿಸುವ ವ್ಯಾಪಾರ ಬಹುಕಾಲ ನಡೆಯದು. ಹಿಂದೆ ದರ್ಜಿಯ ಕೊರಳಲ್ಲಿದ್ದ ಅಳತೆ ಟೇಪು ಇಂದು ವರ್ತಕನ ಕೈಗೂ ಬರಬೇಕಾಗಿದೆ. ಮೈಯನ್ನು ಅರಿತು ಉಡುಪು ಕೊಡುವ ಅಂಗಡಿಗೆ ಗಿರಾಕಿಯೂ ಉಳಿಯುತ್ತಾಳೆ, ಹೂಡಿದ ಬಂಡವಾಳವೂ ಉಳಿಯುತ್ತದೆ.